ದಿನದ ಪಂಪು, ತುರ್ತಿನ ಪಂಪು

(ಬ್ಯಾಡಗಿ ಹತ್ತಿರದ ಒಂದು ಹಳ್ಳಿಯ ಮಹಿಳಾ ಕಲಿಕಾ ಕೇಂದ್ರದಲ್ಲಿ, ವಿಶ್ವ ಅಸ್ತಮಾ ದಿನದಂದು ಆಡಿದ ಮಾತು)



ನಾವು ಡಾಕ್ಟರರಲ್ಲ. ನರ್ಸುಗಳೂ ಅಲ್ಲ. ನಿಮ್ಮ ಹಾಗೆಯೇ ಮೆಣಸಿನಕಾಯಿ ತೊಟ್ಟು ಬಿಡಿಸಿ ಕೂಲಿ ಪಡೆಯುವವರು. ಕೆಲವು ವರ್ಷದ ಹಿಂದೆ ನಾವೂ ಇಂಥದೇ ಕೇಂದ್ರದಲ್ಲಿ ಕೂತು ಅ ಆ ಇ ಈ ತಿದ್ದಿದೆವು. ಈಗ ನಿಧಾನವಾಗಿ ಓದುತ್ತೇವೆ. ಈ ಮಾತನ್ನೂ ಬರೆದುಕೊಂಡೇ ಬಂದಿದ್ದೇವೆ. ಓದುವಾಗ ತಡವರಿಸಿದರೆ ನಗಬೇಡಿ. ನಕ್ಕರೂ ಚಿಂತೆಯಿಲ್ಲ.

ನಾವು ಐದು ಮಂದಿ. ಐದೂ ಮಂದಿಗೆ ಅಸ್ತಮಾ ಇದೆ. ಮೊದಲು ನಾವು ಆರು ಮಂದಿ ಇದ್ದೆವು. ಆರನೆಯವಳ ಮಾತನ್ನು ಆಮೇಲೆ ಹೇಳುತ್ತೇವೆ.

ಇವತ್ತು ಮೇ ತಿಂಗಳ ಮೊದಲ ಮಂಗಳವಾರ. ಈ ದಿನವನ್ನು ಅಸ್ತಮಾ ದಿನ ಅಂತ ಮಾಡ್ತಾರೆ. ಮೊದಲ ಸಲ ಮಾಡಿದ್ದು 1998ರಲ್ಲಿ. ನಮ್ಮ ಊರಿಗೆ ಈ ಸುದ್ದಿ ಬಂದದ್ದು ತಡವಾಗಿ. ಬಂತಲ್ಲ, ಅಷ್ಟೇ ಸಾಕು.

ನಮ್ಮ ಕಡೆ ಈ ಕಾಯಿಲೆಗೆ ದಮ್ಮು ಅಂತೀವಿ. ಕೆಲವರು ಉಬ್ಬಸ ಅಂತಾರೆ. ಮೈಸೂರು ಕಡೆ ಗೂರಲು ಅನ್ನುವುದುಂಟು. ಡಾಕ್ಟರರು ಅಸ್ತಮಾ ಅಂತಾರೆ. ಉಸಿರು ಸಾಲುವುದಿಲ್ಲ. ಎದೆ ಬಿಗಿಯುತ್ತದೆ. ಎದೆಯಲ್ಲಿ ಸುಯ್ ಸುಯ್ ಅಂತ ಸದ್ದು ಬರುತ್ತದೆ. ಕೆಮ್ಮು ಬರುತ್ತದೆ. ರಾತ್ರಿ, ಅದರಲ್ಲೂ ಬೆಳಗಿನ ಜಾವ, ಇದೆಲ್ಲ ಜಾಸ್ತಿ. ಒಮ್ಮೆ ಬರುತ್ತದೆ, ಒಮ್ಮೆ ಹೋಗುತ್ತದೆ. ಹೋದಾಗ ಏನೂ ಆಗಿಯೇ ಇಲ್ಲ ಅನ್ನುವ ಹಾಗೆ ಇರುತ್ತೇವೆ. ನಾವು ಮೋಸ ಹೋಗುವುದೇ ಅಲ್ಲಿ.

ಕೆಮ್ಮಿದವರಿಗೆಲ್ಲ ಅಸ್ತಮಾ ಅಂತ ತಿಳಿಯಬೇಡಿ. ಎರಡು ವಾರಕ್ಕಿಂತ ಹೆಚ್ಚು ಕೆಮ್ಮು ಇದ್ದರೆ ಸರಕಾರಿ ದವಾಖಾನೆಗೆ ಹೋಗಿ ಕಫ ಪರೀಕ್ಷೆ ಮಾಡಿಸಬೇಕು. ಅದು ಕ್ಷಯ ಇರಬಹುದು. ಬಹಳ ವರ್ಷ ಒಲೆಯ ಹೊಗೆ ಕುಡಿದ ಮುದುಕಿಯರಿಗೆ ಬರುವ ಉಬ್ಬಸವೂ ಬೇರೆ ಕಾಯಿಲೆ ಆಗಿರಬಹುದು. ಯಾವುದು ಅಂತ ಡಾಕ್ಟರರೇ ಹೇಳಬೇಕು. ಊದುವ ಯಂತ್ರದಲ್ಲಿ ಊದಿಸಿ ನೋಡುತ್ತಾರೆ.

ಈಗ ನಿಮ್ಮ ಕೈಗೆ ಒಂದೊಂದು ಸಣ್ಣ ಕೊಳವೆ ಕೊಟ್ಟಿದ್ದೇವೆ. ಎಳನೀರು ಕುಡಿಯುವ ಸ್ಟ್ರಾ ಅದು. ದಮ್ಮು ಇದ್ದವರು ಬಿಡಿ, ನಿಮಗೆ ಇದು ಗೊತ್ತೇ ಇದೆ. ಉಳಿದವರು ಮೂಗು ಹಿಡಿದುಕೊಳ್ಳಿ. ಕೊಳವೆ ಬಾಯಲ್ಲಿಟ್ಟು ಅದರಿಂದಲೇ ಉಸಿರಾಡಿ. ಹತ್ತು ಎಣಿಸುವ ತನಕ.

ಸಾಕಾಯಿತೇ? ನೋಡಿ, ಹಿಂದೆ ಕೂತ ಅಕ್ಕ ಆಗಲೇ ಕೊಳವೆ ತೆಗೆದುಬಿಟ್ಟರು. ದಮ್ಮು ಏರಿದಾಗ ನಾವು ಹೀಗೆ ಇಡೀ ರಾತ್ರಿ ಉಸಿರಾಡುತ್ತೇವೆ. “ನಾಟಕ ಮಾಡ್ತಾಳ, ಕೆಲಸ ತಪ್ಪಿಸಾಕ ಹಿಂಗ ಮಾಡ್ತಾಳ” ಅಂತ ಮನೆಯವರು ಅಂದಾಗ, ಈ ಕೊಳವೆಯನ್ನು ಅವರ ಬಾಯಿಗೂ ಕೊಡಿ.

ಎದೆಯೊಳಗೆ ಏನಾಗುತ್ತದೆ? ಒಂದು ಮರವನ್ನು ತಲೆಕೆಳಗು ಮಾಡಿ ನೆನೆಸಿಕೊಳ್ಳಿ. ಕಾಂಡ ಮೇಲೆ, ಗಂಟಲಲ್ಲಿ. ಟೊಂಗೆಗಳು ಕೆಳಗೆ, ಎದೆಯಲ್ಲಿ. ಈ ಟೊಂಗೆಗಳು ಒಳಗೆ ಪೊಳ್ಳು. ಅವೇ ಗಾಳಿಯ ನಳಿಗೆಗಳು. ಅಸ್ತಮಾ ಇದ್ದವರಲ್ಲಿ ಈ ನಳಿಗೆಗಳ ಒಳಮೈ ಊದಿಕೊಂಡು ಕೆಂಪಗಿರುತ್ತದೆ. ಧೂಳು, ಹೊಗೆ, ತಂಪುಗಾಳಿ ತಾಗಿದರೆ ನಳಿಗೆಯ ಸುತ್ತ ಇರುವ ಸ್ನಾಯು ಹಗ್ಗದ ಹಾಗೆ ಬಿಗಿಯುತ್ತದೆ. ಮೇಲೆ ಅಂಟು ಅಂಟಾದ ಕಫ ಬೇರೆ. ದಾರಿ ಸಣ್ಣದಾಯಿತು. ಒಳಗೆ ಹೋದ ಗಾಳಿ ಹೊರಗೆ ಬರಲಾರದೆ ಸುಯ್ಗುಟ್ಟುತ್ತದೆ.

ಇದು ಒಬ್ಬರಿಂದ ಒಬ್ಬರಿಗೆ ಅಂಟುವ ಕಾಯಿಲೆ ಅಲ್ಲ. ತಟ್ಟೆ, ಲೋಟ ಬೇರೆ ಮಾಡಬೇಕಿಲ್ಲ. ಮಗುವಿಗೆ ಹಾಲು ಕುಡಿಸಬಹುದು. ತಂದೆ ತಾಯಿಗೆ ಇದ್ದರೆ ಮಕ್ಕಳಿಗೆ ಬರುವ ಸಂಭವ ಜಾಸ್ತಿ. ಬಂದೇ ಬರುತ್ತದೆ ಅಂತಲ್ಲ. ಮನೆಯಲ್ಲಿ ಯಾರಿಗೂ ಇಲ್ಲದೆ ಬರುವುದೂ ಉಂಟು. ನಮ್ಮಲ್ಲಿ ಇಬ್ಬರಿಗೆ ಚಿಕ್ಕಂದಿನಿಂದ ಇತ್ತು. ಒಬ್ಬಳಿಗೆ ಎರಡನೇ ಹೆರಿಗೆ ಆದ ಮೇಲೆ ಬಂತು.

ಇದು ಪೂರ್ತಿ ಹೋಗುತ್ತದೆಯೇ ಅಂತ ಎಲ್ಲರೂ ಕೇಳುತ್ತಾರೆ. ಬುಡಸಮೇತ ಕಿತ್ತು ಹಾಕುವ ಔಷಧಿ ಇನ್ನೂ ಬಂದಿಲ್ಲ. ಆದರೆ ಹತೋಟಿಯಲ್ಲಿ ಇಡಬಹುದು. ಹತೋಟಿ ಅಂದರೆ ಏನು? ರಾತ್ರಿ ಪೂರ್ತಿ ನಿದ್ದೆ. ಬಿಂದಿಗೆ ಹೊತ್ತು ಏರಿ ಹತ್ತುವುದು. ನಾಳೆ ಕೂಲಿಗೆ ಹೋಗುತ್ತೇನೆ ಅಂತ ಇವತ್ತು ಧೈರ್ಯವಾಗಿ ಹೇಳುವುದು. ಇಷ್ಟು ನಮಗೆ ಈಗ ಸಿಕ್ಕಿದೆ.

ಇನ್ನು ಪಂಪಿನ ಮಾತು. ಡಾಕ್ಟರರು ಇನ್‌ಹೇಲರ್ ಅನ್ನುತ್ತಾರೆ, ನಾವು ಪಂಪು ಅನ್ನುತ್ತೇವೆ. ಪಂಪಿನಲ್ಲಿ ಮುಖ್ಯವಾಗಿ ಎರಡು ಜಾತಿ.

ಒಂದು ತುರ್ತಿನ ಪಂಪು. ಇದರಲ್ಲಿ ಸಾಮಾನ್ಯವಾಗಿ ಸಾಲ್ಬುಟಮಾಲ್ ಅನ್ನುವ ಔಷಧಿ ಇರುತ್ತದೆ. ದಮ್ಮು ಏರಿದಾಗ ಎಳೆದುಕೊಂಡರೆ ಬಿಗಿದ ಸ್ನಾಯು ಸಡಿಲಾಗುತ್ತದೆ. ಕೆಲವೇ ನಿಮಿಷದಲ್ಲಿ ಉಸಿರು ಹಗುರ. ನಾಲ್ಕರಿಂದ ಆರು ಗಂಟೆಯಲ್ಲಿ ಅದರ ಕೆಲಸ ಮುಗಿಯುತ್ತದೆ.

ಇನ್ನೊಂದು ದಿನದ ಪಂಪು. ಇದರಲ್ಲಿ ಬುಡೆಸೊನೈಡ್ ಇಲ್ಲವೇ ಅಂಥದೇ ಔಷಧಿ ಇರುತ್ತದೆ. ಇದು ನಳಿಗೆಯ ಊತ ಇಳಿಸುತ್ತದೆ. ಎಳೆದುಕೊಂಡ ತಕ್ಷಣ ಏನೂ ಗೊತ್ತಾಗುವುದಿಲ್ಲ. ದಿನಾ ತಗೊಂಡರೆ ವಾರಗಳಲ್ಲಿ ಫರಕು ಕಾಣುತ್ತದೆ. ದಮ್ಮು ಇರಲಿ, ಇಲ್ಲದಿರಲಿ, ಡಾಕ್ಟರರು ಹೇಳಿದಷ್ಟು ದಿನಾ ತಗೊಳ್ಳಬೇಕು.

ಬೂದಿ ಮುಚ್ಚಿದ ಕೆಂಡ ನಿಮಗೆ ಗೊತ್ತು. ಮೇಲೆ ತಣ್ಣಗೆ, ಒಳಗೆ ನಿಗಿನಿಗಿ. ದಮ್ಮು ಇಲ್ಲದ ದಿನವೂ ನಮ್ಮ ಎದೆಯ ನಳಿಗೆ ಹಾಗೇ ಇರುತ್ತದೆ. ತುರ್ತಿನ ಪಂಪು ಮೊರದಿಂದ ಬೀಸಿ ಹೊಗೆ ಓಡಿಸಿದ ಹಾಗೆ. ಕೆಂಡ ಹಾಗೇ ಉಳಿಯಿತು. ದಿನದ ಪಂಪು ಕೆಂಡಕ್ಕೆ ನೀರು ಚಿಮುಕಿಸಿದ ಹಾಗೆ.

ಈಗ ಆರನೆಯವಳ ಮಾತು.

ಅವಳ ಹೆಸರು ಹೇಳುವುದಿಲ್ಲ. ನಮ್ಮ ಜೊತೆ ಒಂದೇ ಸಾಲಿನಲ್ಲಿ ಕೂತು ಮೆಣಸಿನಕಾಯಿ ಬಿಡಿಸುತ್ತಿದ್ದಳು. ಬಹಳ ಚುರುಕು. ನಾವು ಒಂದು ಬುಟ್ಟಿ ಮುಗಿಸುವಾಗ ಅವಳದು ಒಂದೂವರೆ ಆಗಿರುತ್ತಿತ್ತು. ಕಲಿಕಾ ಕೇಂದ್ರಕ್ಕೂ ನಮ್ಮ ಜೊತೆ ಬಂದಳು. ನಮಗಿಂತ ಮೊದಲು ತನ್ನ ಹೆಸರು ಬರೆದಳು.

ಅವಳಿಗೆ ದಮ್ಮು ಇದೆ ಅಂತ ತವರಿನವರು ಮದುವೆಯಲ್ಲಿ ಹೇಳಿರಲಿಲ್ಲ. ಹೇಳಿದರೆ ವರ ಹಿಂದೆ ಸರಿಯುತ್ತಾನೆ ಅಂತ ಭಯ. ಅವಳೂ ಹೇಳಲಿಲ್ಲ. ಪಂಪನ್ನು ಜೋಳದ ಡಬ್ಬಿಯಲ್ಲಿ ಹುಗಿದು ಇಡುತ್ತಿದ್ದಳು. ದಮ್ಮು ಏರಿದರೆ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಎಳೆದುಕೊಳ್ಳುತ್ತಿದ್ದಳು. ಸದ್ದು ಕೇಳಬಾರದು ಅಂತ ನೀರು ಸುರುವುತ್ತಿದ್ದಳು. ಅವಳ ಅಣ್ಣ ತಿಂಗಳಿಗೊಂದು ತುರ್ತಿನ ಪಂಪು ತಂದು ಕೊಡುತ್ತಿದ್ದ.

ಡಾಕ್ಟರರು ಅವಳಿಗೆ ದಿನದ ಪಂಪನ್ನೂ ಬರೆದುಕೊಟ್ಟಿದ್ದರು. ಒಂದು ತಿಂಗಳು ತಗೊಂಡು ಬಿಟ್ಟಳು. “ಅದನ್ನ ಹೊಡಕೊಂಡ್ರ ಏನೂ ಆಗೂದಿಲ್ಲವ್ವ. ದುಡ್ಡು ದಂಡ. ಇದು ನೋಡು, ಜಗ್ಗಿದ ಕೂಡ್ಲೇ ಉಸಿರು ಬರತೈತಿ” ಅಂದಳು. ನಾವೂ ಹೌದು ಹೌದು ಅಂದೆವು. ನಾವೂ ಬಿಟ್ಟಿದ್ದೆವಲ್ಲ! ಐದರಲ್ಲಿ ನಾಲ್ಕು ಮಂದಿ ಹಾಗೇ ಮಾಡಿದ್ದೆವು. ಈ ಮಾತು ಹೇಳಲು ನಮಗೆ ಈಗಲೂ ನಾಚಿಕೆ.

ಒಂದು ಪಂಪಿನಲ್ಲಿ ಸಾಮಾನ್ಯವಾಗಿ 200 ಸಲದ ಔಷಧಿ ಇರುತ್ತದೆ. ಹತೋಟಿಯಲ್ಲಿ ಇರುವವರಿಗೆ ಒಂದು ತುರ್ತಿನ ಪಂಪು ಬಹಳ ತಿಂಗಳು ಬರಬೇಕು. ವರ್ಷಕ್ಕೆ ಮೂರು, ಅದಕ್ಕಿಂತ ಹೆಚ್ಚು ಖಾಲಿ ಮಾಡುವವರಿಗೆ ದಮ್ಮು ಜೋರಾಗಿ ಏರುವ ಅಪಾಯ ಹೆಚ್ಚು. ವರ್ಷಕ್ಕೆ ಹನ್ನೆರಡು ಖಾಲಿ ಮಾಡುವವರ ಜೀವಕ್ಕೇ ಅಪಾಯ. ಅವಳದು ತಿಂಗಳಿಗೊಂದು. ಲೆಕ್ಕ ಹಾಕಿ ನೋಡಿ. ನಮಗೆ ಆಗ ಈ ಲೆಕ್ಕ ಗೊತ್ತಿರಲಿಲ್ಲ.

ಮೂರು ವರ್ಷದ ಹಿಂದೆ, ಇದೇ ಬೇಸಿಗೆ. ಅವಳ ಮೈದುನನ ಮದುವೆ. ಮನೆ ತುಂಬ ಮಂದಿ. ಅಂಗಳದಲ್ಲಿ ಕಟ್ಟಿಗೆ ಒಲೆ. ಎರಡು ದಿನ ಖಾರ ಕುಟ್ಟಿದ್ದು, ಮಸಾಲೆ ಹುರಿದದ್ದು ಎಲ್ಲ ಅವಳೇ. ರಾತ್ರಿ ದಮ್ಮು ಏರಿತು. ಬಚ್ಚಲಿಗೆ ಹೋದಳು. ಪಂಪು ಒತ್ತಿದಳು. ಬುಸ್ ಅಂತ ಬಂತು. ಆದರೆ ಉಸಿರು ಹಗುರ ಆಗಲಿಲ್ಲ. ಔಷಧಿ ಮುಗಿದ ಮೇಲೂ ಕೆಲವು ಪಂಪಿನಲ್ಲಿ ಬರೀ ಗಾಳಿ ಬುಸ್ ಅನ್ನುತ್ತದೆ. ಅವಳಿಗೆ ಅದು ತಿಳಿಯಲಿಲ್ಲ. ಒತ್ತುತ್ತಲೇ ಇದ್ದಳು.

ಕೊನೆಗೆ ಬಾಗಿಲು ತೆಗೆದು ಹೊರಗೆ ಬಂದು ಕುಸಿದಳು. ಮನೆಯವರು ಗಾಬರಿಯಾದರು. ಅಂಗಾತ ಮಲಗಿಸಿದರು. ದೃಷ್ಟಿ ತೆಗೆದರು. ಒಬ್ಬ ಬಂದು ಸೂಜಿ ಹಾಕಿದ. ಗಾಡಿ ಹುಡುಕಿ ಹೊರಡುವಷ್ಟರಲ್ಲಿ ಎರಡು ತಾಸು. ದಾರಿಯಲ್ಲೇ ತೀರಿಕೊಂಡಳು. ಮೂವತ್ತು ವರ್ಷದವಳು. ಎರಡು ಸಣ್ಣ ಮಕ್ಕಳು.

ಮಣ್ಣು ಮಾಡಿ ಬಂದ ಮೇಲೆ ಅವಳ ಅತ್ತೆಗೆ ಜೋಳದ ಡಬ್ಬಿಯಲ್ಲಿ ಏಳು ಖಾಲಿ ಪಂಪು ಸಿಕ್ಕವು. ನಮ್ಮನ್ನು ಕರೆದು ಕೇಳಿದರು: “ಇವು ಏನವ್ವ?” ನಾವು ಹೇಳಿದೆವು. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಅಂದರು: “ನನಗೊಂದು ಮಾತು ಹೇಳಿದ್ರ ನಾನೇನು ಬ್ಯಾಡ ಅಂತಿದ್ನೇನು?”

ಅಂತಿದ್ದರೋ ಇಲ್ಲವೋ, ನಮಗೆ ಗೊತ್ತಿಲ್ಲ. ಹತ್ತು ವರ್ಷದ ಹಿಂದೆ ಅಂದಿರಲೂಬಹುದು. ಆದರೆ ಆ ಅತ್ತೆ ಇವತ್ತು ನಮ್ಮ ಜೊತೆ ಬಂದಿದ್ದಾರೆ. ಆ ಕಂಬದ ಹತ್ತಿರ, ಚೀಲ ಹಿಡಿದು ಕೂತಿದ್ದಾರೆ.

ಅವಳು ಹೋದ ಮೇಲೆ ನಾವು ಐದೂ ಮಂದಿ ಕೂಡಿ ತಾಲ್ಲೂಕು ದವಾಖಾನೆಗೆ ಹೋದೆವು. ಡಾಕ್ಟರ್ ಬಾಯಾರು ಒಬ್ಬರು ಒಂದು ತಾಸು ಕೂರಿಸಿ ಹೇಳಿದರು. 2019ರಿಂದ ಜಗತ್ತಿನ ಅಸ್ತಮಾ ತಜ್ಞರ ಸಲಹೆಯೇ ಬದಲಾಗಿದೆಯಂತೆ. ದೊಡ್ಡವರಿಗೆ ಬರೀ ತುರ್ತಿನ ಪಂಪು ಒಂದನ್ನೇ ಕೊಡಬಾರದು, ಜೊತೆಗೆ ಊತ ಇಳಿಸುವ ಔಷಧಿ ಇರಲೇಬೇಕು ಅಂತ. ಕೆಲವರಿಗೆ ಎರಡೂ ಕೆಲಸ ಮಾಡುವ ಒಂದೇ ಪಂಪು ಕೊಡುತ್ತಾರೆ. ಅದರಲ್ಲಿ ಬುಡೆಸೊನೈಡ್ ಮತ್ತು ಫಾರ್ಮೊಟೆರಾಲ್ ಎರಡೂ ಕೂಡಿರುತ್ತವೆ. ನಿಮಗೆ ಯಾವುದು ಅಂತ ಕೇಳಿ ತಿಳಿದುಕೊಳ್ಳಿ. ಬರೀ ತುರ್ತಿನದು ಮಾತ್ರ ನಿಮ್ಮ ಕೈಯಲ್ಲಿದ್ದರೆ, “ನನಗ ದಿನದ ಪಂಪು ಬ್ಯಾಡೇನ್ರಿ?” ಅಂತ ಬಾಯಿ ಬಿಟ್ಟು ಕೇಳಿ.

ಪಂಪಿನ ಬಣ್ಣ ನಂಬಬೇಡಿ. ತುರ್ತಿನದು ಸಾಮಾನ್ಯವಾಗಿ ನೀಲಿ ಅಂತಾರೆ. ಆದರೆ ಕಂಪನಿ ಬದಲಾದರೆ ಬಣ್ಣವೂ ಬದಲಾಗುತ್ತದೆ. ಹೆಸರು ಇಂಗ್ಲಿಷಿನಲ್ಲಿ ಇರುತ್ತದೆ. ನಾವು ಏನು ಮಾಡಿದೆವು ಗೊತ್ತೇ? ಗಾಯಕ್ಕೆ ಹಚ್ಚುವ ಬಿಳಿ ಪಟ್ಟಿ ಇದೆಯಲ್ಲ, ಅದನ್ನು ಒಂದಿಷ್ಟು ಕತ್ತರಿಸಿ ಪಂಪಿಗೆ ಅಂಟಿಸಿದೆವು. ಒಂದರ ಮೇಲೆ ‘ದಿನ’ ಅಂತ ಬರೆದೆವು. ಇನ್ನೊಂದರ ಮೇಲೆ ‘ತುರ್ತು’ ಅಂತ ಬರೆದೆವು. ನಾವು ಕಲಿತ ಅಕ್ಷರ ನಮ್ಮ ಜೀವಕ್ಕೆ ಕೆಲಸ ಮಾಡಿದ್ದು ಅದೇ ಮೊದಲು. ‘ತು’ ಮತ್ತು ‘ರ್ತು’ ಬರೆಯಲು ಒಬ್ಬಳು ನಾಲ್ಕು ಪಟ್ಟಿ ಹಾಳು ಮಾಡಿದಳು. ಯಾರು ಅಂತ ಕೇಳಬೇಡಿ.

ಕೆಲವು ಪಂಪಿನ ಬೆನ್ನಿಗೆ ಸಣ್ಣ ಕಿಟಕಿ ಇರುತ್ತದೆ. ಅದರಲ್ಲಿ ಅಂಕಿ ಕಾಣುತ್ತದೆ. ಒತ್ತಿದ ಹಾಗೆ ಅಂಕಿ ಇಳಿಯುತ್ತದೆ. 20ಕ್ಕೆ ಬಂದಾಗ ಹೊಸದು ತನ್ನಿ. ಕಿಟಕಿ ಇಲ್ಲದಿದ್ದರೆ ಎಣಿಸಿ ಬರೆದಿಡಿ. ದಿನಕ್ಕೆ ನಾಲ್ಕು ಸಲದಂತೆ 200 ಸಲ ಅಂದರೆ 50 ದಿನ. ಶುರು ಮಾಡಿದ ತಾರೀಖನ್ನು ಪಟ್ಟಿಯ ಮೇಲೆ ಬರೆದರೆ ಸಾಕು.

“ಪಂಪು ಹಿಡಿದರ ಚಟ ಆಗತೈತಿ” ಅಂತ ನಮಗೆ ಹೇಳದವರೇ ಇಲ್ಲ. ಚಟ ಅಲ್ಲ. ದಿನಾ ಊಟ ಮಾಡುವುದು ಚಟವೇ? “ಗುಳಿಗಿ ನುಂಗೂದು ಚಲೋ, ಪಂಪು ಬಹಳ ಜೋರು” ಅಂತಲೂ ಹೇಳುತ್ತಾರೆ. ಇದಕ್ಕೆ ಲೆಕ್ಕದಲ್ಲೇ ಉತ್ತರ ಇದೆ. ಸಾಲ್ಬುಟಮಾಲ್ ಪಂಪಿನಲ್ಲಿ ಒಂದು ಸಲಕ್ಕೆ 100 ಮೈಕ್ರೋಗ್ರಾಂ ಔಷಧಿ ಬರುತ್ತದೆ. ಎರಡು ಸಲಕ್ಕೆ 200. ಅದೇ ಔಷಧಿಯ ಗುಳಿಗೆ 4 ಮಿಲಿಗ್ರಾಂ ಇರುತ್ತದೆ. 1 ಮಿಲಿಗ್ರಾಂ ಅಂದರೆ 1000 ಮೈಕ್ರೋಗ್ರಾಂ. ಹಾಗಾದರೆ ಗುಳಿಗೆಯಲ್ಲಿ 4000. ಪಂಪಿನ ಇಪ್ಪತ್ತು ಪಟ್ಟು! ಗುಳಿಗೆ ಹೊಟ್ಟೆಗೆ ಹೋಗಿ, ರಕ್ತಕ್ಕೆ ಸೇರಿ, ಮೈಯೆಲ್ಲ ಸುತ್ತಿ, ಕೈ ನಡುಗಿಸಿ, ಎದೆ ಬಡಿಸಿ ಆಮೇಲೆ ನಳಿಗೆಗೆ ಬರುತ್ತದೆ. ಪಂಪು ನೇರ ನಳಿಗೆಗೇ ಹೋಗುತ್ತದೆ. ಅದಕ್ಕೇ ಚೂರು ಸಾಕು.

ದಿನದ ಪಂಪಿನಲ್ಲಿ ಸ್ಟೀರಾಯ್ಡ್ ಇದೆ ಅಂತ ಕೆಲವರು ಹೆದರಿಸುತ್ತಾರೆ. ಇದೆ, ನಿಜ. ಅದೂ ಮೈಕ್ರೋಗ್ರಾಂ ಲೆಕ್ಕದಲ್ಲಿ. ತಗೊಂಡ ಮೇಲೆ ಬಾಯಿ ಮುಕ್ಕಳಿಸಿ ಉಗುಳಬೇಕು. ಇಲ್ಲದಿದ್ದರೆ ಬಾಯಲ್ಲಿ ಬಿಳಿ ಹುಣ್ಣು ಆಗಬಹುದು, ಗಂಟಲು ಒಡೆಯಬಹುದು. ನಿಜವಾಗಿ ಹೆದರಬೇಕಾದದ್ದು ಪೊಟ್ಟಣದ ಪುಡಿಗೆ. ಹೆಸರಿಲ್ಲದ ಪುಡಿ, ಹೆಸರಿಲ್ಲದ ಗುಳಿಗೆ ಕೊಡುವವರು ಇದ್ದಾರೆ. ಕೆಲವದರಲ್ಲಿ ಸ್ಟೀರಾಯ್ಡ್ ಬಹಳ ಬೆರೆಸಿರುತ್ತಾರೆ. ತಿಂದ ಕೂಡಲೇ ಹಗುರ. ತಿಂಗಳುಗಟ್ಟಲೆ ತಿಂದರೆ ಮುಖ ಊದುತ್ತದೆ, ಸಕ್ಕರೆ ಕಾಯಿಲೆ ಬರುತ್ತದೆ, ಎಲುಬು ಟೊಳ್ಳಾಗುತ್ತದೆ. ದಮ್ಮು ಜೋರಾದಾಗ ಡಾಕ್ಟರರು ಐದಾರು ದಿನಕ್ಕೆ ಸ್ಟೀರಾಯ್ಡ್ ಗುಳಿಗೆ ಕೊಡುತ್ತಾರೆ. ಅದು ಬೇರೆ. ಅದನ್ನು ತಗೊಳ್ಳಲೇಬೇಕು.

ಮೃಗಶಿರಾ ಮಳೆ ಕೂಡುವ ದಿನ ಹೈದರಾಬಾದಿನಲ್ಲಿ ಮೀನಿನ ಮದ್ದು ಕೊಡುತ್ತಾರೆ. ನಮ್ಮ ಕಡೆಯಿಂದಲೂ ಮಂದಿ ರೈಲು ಹತ್ತಿ ಹೋಗುತ್ತಾರೆ. ನಮ್ಮಲ್ಲಿ ಒಬ್ಬಳು ಮೂರು ವರ್ಷ ಹೋಗಿ ಬದುಕಿದ ಮೀನು ನುಂಗಿ ಬಂದಳು. ದಮ್ಮು ಹೋಗಲಿಲ್ಲ. ಅದರಿಂದ ಅಸ್ತಮಾ ವಾಸಿಯಾಗುತ್ತದೆ ಅನ್ನುವುದಕ್ಕೆ ವೈದ್ಯಶಾಸ್ತ್ರದಲ್ಲಿ ಆಧಾರ ಇಲ್ಲ. ನಂಬಿಕೆ ಇದ್ದವರ ಜೊತೆ ನಾವು ಜಗಳ ಮಾಡುವುದಿಲ್ಲ. ಹೋಗುವವರು ಪಂಪು ಜೊತೆಗೆ ಒಯ್ಯಿರಿ. ಬಂದ ಮೇಲೂ ಬಿಡಬೇಡಿ.

ಪಂಪು ತಗೊಳ್ಳುವ ಬಗೆ ಹೇಳಬೇಕು. ಔಷಧಿ ಸರಿಯಿದ್ದು ತಗೊಳ್ಳುವುದು ತಪ್ಪಿದರೆ ಎಲ್ಲ ನಾಲಿಗೆಯ ಮೇಲೇ ಉಳಿಯುತ್ತದೆ. ನಮ್ಮಲ್ಲಿ ಒಬ್ಬಳಿಗೆ ಪುಡಿ ತುಂಬಿದ ಕ್ಯಾಪ್ಸೂಲ್ ಕೊಟ್ಟಿದ್ದರು. ಅದನ್ನು ರೋಟಾಹೇಲರ್ ಅನ್ನುವ ಡಬ್ಬಿಯಲ್ಲಿ ಹಾಕಿ, ತಿರುಗಿಸಿ, ಬಾಯಿಂದ ಜೋರಾಗಿ ಎಳೆದುಕೊಳ್ಳಬೇಕು. ಅವಳು ಒಂದು ತಿಂಗಳು ನೀರಿನ ಜೊತೆ ನುಂಗಿದಳು! “ಗುಳಿಗಿ ಅಂದ್ರ ನುಂಗೂದಲ್ಲೇನು?” ಅಂದಳು. ಅವಳದೇನು ತಪ್ಪು? ಕೊಟ್ಟವರು ತೋರಿಸಿರಲಿಲ್ಲ.

ಒತ್ತುವ ಪಂಪಾದರೆ ಹೀಗೆ. ನೇರವಾಗಿ ಕೂತುಕೊಳ್ಳಿ. ಮುಚ್ಚಳ ತೆಗೆಯಿರಿ. ಪಂಪು ಚೆನ್ನಾಗಿ ಅಲ್ಲಾಡಿಸಿ. ಉಸಿರನ್ನು ಹೊರಗೆ ಬಿಡಿ. ತುಟಿ ಬಿಗಿಯಾಗಿ ಮುಚ್ಚಿ. ಉಸಿರು ಎಳೆಯಲು ಶುರು ಮಾಡಿ, ಆಗಲೇ ಒತ್ತಿ. ನಿಧಾನವಾಗಿ, ಆಳವಾಗಿ ಎಳೆಯಿರಿ. ಹತ್ತು ಎಣಿಸುವ ತನಕ ಉಸಿರು ಹಿಡಿಯಿರಿ. ಎರಡನೆಯದು ಬೇಕಿದ್ದರೆ ಅರ್ಧ ನಿಮಿಷ ಬಿಟ್ಟು, ಮತ್ತೆ ಅಲ್ಲಾಡಿಸಿ. ಪುಡಿಯ ಡಬ್ಬಿಯಾದರೆ ಒತ್ತುವ ಕೆಲಸ ಇಲ್ಲ. ನಿಧಾನ ಬೇಡ, ಜೋರಾಗಿ ಎಳೆಯಬೇಕು. ಡಬ್ಬಿಯೊಳಗೆ ಊದಬಾರದು. ಪುಡಿ ಹಸಿಯಾದರೆ ಕೆಟ್ಟಿತು.

ಒತ್ತುವುದು, ಎಳೆಯುವುದು ಎರಡೂ ಒಟ್ಟಿಗೆ ಬಾರದವರೇ ಹೆಚ್ಚು. ಅದಕ್ಕೆ ಸ್ಪೇಸರ್ ಅನ್ನುವ ಬುರುಡೆ ಸಿಗುತ್ತದೆ. ದುಡ್ಡಿಲ್ಲದಿದ್ದರೆ ಅರ್ಧ ಲೀಟರಿನ ನೀರಿನ ಬಾಟಲಿ ಸಾಕು. ದಕ್ಷಿಣ ಆಫ್ರಿಕಾದ ಡಾಕ್ಟರರು ಮಕ್ಕಳಿಗೆ ಹೀಗೇ ಬಾಟಲಿಯಿಂದ ಔಷಧಿ ಕೊಟ್ಟು ನೋಡಿ, ಅಂಗಡಿಯ ಸ್ಪೇಸರಿನಷ್ಟೇ ಕೆಲಸ ಮಾಡುತ್ತದೆ ಅಂತ 1999ರಲ್ಲಿ ತೋರಿಸಿದರು. ಬಾಟಲಿಯ ತಳದಲ್ಲಿ ಪಂಪಿನ ಬಾಯಿ ಬಿಗಿಯಾಗಿ ಕೂರುವಷ್ಟು ತೂತು ಮಾಡಬೇಕು. ಆ ಕಡೆ ಪಂಪು, ಈ ಕಡೆ ನಮ್ಮ ಬಾಯಿ. ಒಂದು ಸಲ ಒತ್ತಿ, ನಾಲ್ಕೈದು ಸಲ ನಿಧಾನವಾಗಿ ಬಾಟಲಿಯಿಂದಲೇ ಉಸಿರಾಡಬೇಕು. ಸೋಪಿನ ನೀರಲ್ಲಿ ತೊಳೆದು ಹಾಗೇ ಒಣಗಲು ಬಿಡಿ. ಬಟ್ಟೆಯಿಂದ ಒರೆಸಬೇಡಿ.

ಇದೆಲ್ಲ ದುಡ್ಡಿನ ಮಾತಲ್ಲವೇ ಅಂತ ನೀವು ಕೇಳುತ್ತೀರಿ. ಹೌದು. ಈ ಔಷಧಿಗಳು ಸರಕಾರದ ಅಗತ್ಯ ಔಷಧಿಗಳ ಪಟ್ಟಿಯಲ್ಲಿ ಇವೆ. ಆದರೂ ದವಾಖಾನೆಗೆ ಹೋದಾಗ “ಸ್ಟಾಕ್ ಇಲ್ಲ” ಅಂತ ನಾವೇ ಎರಡು ಸಲ ಬರಿಗೈಯಲ್ಲಿ ವಾಪಸು ಬಂದಿದ್ದೇವೆ. ಮೂರನೇ ಸಲ ಐದೂ ಮಂದಿ ಕೂಡಿ ಹೋಗಿ ಅರ್ಜಿ ಬರೆದು ಕೊಟ್ಟೆವು. ಒಬ್ಬಳು ಬರೆದಳು, ಐವರೂ ಸಹಿ ಮಾಡಿದೆವು. ಹೆಬ್ಬೆಟ್ಟು ಅಲ್ಲ, ಸಹಿ. ಹದಿನೈದು ದಿನಕ್ಕೆ ಬಂತು. ಜನೌಷಧಿ ಅಂಗಡಿಯಲ್ಲಿ ಕಡಿಮೆ ಬೆಲೆಗೂ ಸಿಗುತ್ತದೆ.

ಇನ್ನೊಂದು ಕೆಲಸ ನಾವು ಮಾಡುತ್ತೇವೆ. ಪ್ರತಿಯೊಬ್ಬರೂ ಒಂದು ಸಣ್ಣ ವಹಿ ಇಟ್ಟಿದ್ದೇವೆ. ತಾರೀಖು, ರಾತ್ರಿ ಎದ್ದೆನೋ ಇಲ್ಲವೋ, ತುರ್ತಿನ ಪಂಪು ಎಷ್ಟು ಸಲ, ಕೆಲಸ ಬಿಟ್ಟೆನೋ. ಇಷ್ಟೇ. ವಾರಕ್ಕೆ ಎರಡು ಸಲಕ್ಕಿಂತ ಹೆಚ್ಚು ತುರ್ತಿನ ಪಂಪು ಬೇಕಾದರೆ, ದಮ್ಮಿನಿಂದ ರಾತ್ರಿ ಎಚ್ಚರವಾದರೆ, ಹತೋಟಿ ತಪ್ಪಿದೆ ಅಂತ ಅರ್ಥ. ವಹಿ ಹಿಡಿದು ದವಾಖಾನೆಗೆ ಹೋಗಬೇಕು. ಮೊದಲು ಡಾಕ್ಟರರು “ಹೇಗಿದ್ದೀ?” ಅಂದರೆ “ಇದ್ದೀನ್ರಿ” ಅನ್ನುತ್ತಿದ್ದೆವು. ಈಗ ವಹಿ ಕೊಡುತ್ತೇವೆ. ಅವರು ಓದಿ ಔಷಧಿ ಹೆಚ್ಚು ಕಡಿಮೆ ಮಾಡುತ್ತಾರೆ.

ಮನೆಯ ಧೂಳು, ಹೊಗೆ ನಿಮಗೆ ಹೇಳಿಕೊಡಬೇಕಿಲ್ಲ. ಗ್ಯಾಸ್ ಇದ್ದವರು ಸಿಲಿಂಡರ್ ತುಂಬಿಸಲು ದುಡ್ಡಿಲ್ಲದೆ ಮತ್ತೆ ಕಟ್ಟಿಗೆ ಒಲೆಗೆ ಬಂದಿದ್ದೀರಿ, ನಾವೂ ಬಂದಿದ್ದೇವೆ. ಆಗ ಒಲೆಯನ್ನು ಬಯಲಿಗೆ ಇಡಿ, ದಮ್ಮು ಇದ್ದವಳನ್ನು ಒಲೆಯ ಮುಂದೆ ಕೂರಿಸಬೇಡಿ. ಮಲಗುವ ಕೋಣೆಯಲ್ಲಿ ಸೊಳ್ಳೆಬತ್ತಿ ಬೇಡ, ಪರದೆ ಕಟ್ಟಿ. ಗಂಡಸರು ಬೀಡಿ ಸೇದುವುದು ಮನೆಯ ಹೊರಗೆ. ಕಾಂಗ್ರೆಸ್ ಕಸ ಹೂ ಬಿಡುವ ಮೊದಲೇ ಕೀಳಿಸಿ, ಅದೂ ದಮ್ಮು ಇಲ್ಲದವರ ಕೈಯಿಂದ. ಮೆಣಸಿನಕಾಯಿ ಕೆಲಸ ಬಿಡಿ ಅಂತ ನಾವು ಹೇಳಲಾರೆವು. ಬಿಟ್ಟರೆ ಹೊಟ್ಟೆಗೆ ಏನು? ಮೂಗು ಬಾಯಿಗೆ ಮಾಸ್ಕ್ ಕಟ್ಟುತ್ತೇವೆ, ಗಾಳಿ ಬರುವ ಕಡೆಗೆ ಬೆನ್ನು ಮಾಡಿ ಕೂರುತ್ತೇವೆ, ಕಸ ಜಾಡಿಸುವ ಕೆಲಸವನ್ನು ಬೇರೆಯವರಿಗೆ ಕೊಡಿ ಅಂತ ಮೊದಲೇ ಕೇಳುತ್ತೇವೆ. ಒಂದು ಕಡೆ ಒಪ್ಪಿದರು. ಇನ್ನೊಂದು ಕಡೆ “ಹಂಗಾದ್ರ ನಾಳಿಂದ ಬರಬ್ಯಾಡ” ಅಂದರು.

ಊಟದ ಪಥ್ಯ ಬಹಳ ಬೇಡ. ಬಾಳೆಹಣ್ಣು, ಮೊಸರು ಬಿಟ್ಟು ಬಿಟ್ಟು ಒಣಗಿದವರನ್ನು ನೋಡಿದ್ದೇವೆ. ಯಾವುದು ತಿಂದರೆ ನಿಮಗೆ ನಿಜವಾಗಿ ದಮ್ಮು ಏರುತ್ತದೋ ಅದನ್ನಷ್ಟೇ ಬಿಡಿ. ಆದರೆ ಮೈಕೈ ನೋವಿನ ಗುಳಿಗೆ ಅಂಗಡಿಯಲ್ಲಿ ಕೇಳಿ ತಿನ್ನಬೇಡಿ. ಆಸ್ಪಿರಿನ್, ಐಬುಪ್ರೊಫೆನ್ ಥರದವು ಕೆಲವರಿಗೆ ದಮ್ಮು ಏರಿಸುತ್ತವೆ.

ಬಸುರಿಯರು ಗಮನ ಕೊಟ್ಟು ಕೇಳಿ. ಹೊಟ್ಟೆಯಲ್ಲಿ ಮಗು ಇದೆ ಅಂತ ಪಂಪು ಬಿಡಬೇಡಿ. ತಾಯಿಗೆ ಉಸಿರು ಕಡಿಮೆಯಾದರೆ ಮಗುವಿಗೂ ಕಡಿಮೆ. ಪಂಪಿಗಿಂತ ದಮ್ಮೇ ಮಗುವಿಗೆ ಕೇಡು. ನಮ್ಮಲ್ಲಿ ಒಬ್ಬಳು ಕಳೆದ ವರ್ಷ ಪಂಪು ತಗೊಳ್ಳುತ್ತಲೇ ಹೆತ್ತಳು. ಆ ಹುಡುಗಿ ಅಲ್ಲಿ ನಿಮ್ಮ ಸ್ಟ್ರಾ ಕಸಿದುಕೊಳ್ಳುತ್ತಿದ್ದಾಳೆ ನೋಡಿ.

ದಮ್ಮು ಜೋರಾಗಿ ಏರಿದ್ದು ಹೇಗೆ ತಿಳಿಯಬೇಕು? ಒಂದು ವಾಕ್ಯ ಪೂರ್ತಿ ಮಾತಾಡಲು ಆಗುವುದಿಲ್ಲ. ಮಧ್ಯೆ ಮಧ್ಯೆ ಉಸಿರಿಗೆ ನಿಲ್ಲಬೇಕು. ಕತ್ತಿನ ಗುಳಿ, ಪಕ್ಕೆ ಒಳಗೆ ಜಗ್ಗುತ್ತವೆ. ತುಟಿ, ಉಗುರು ನೀಲಿಯಾಗುತ್ತವೆ. ಮಂಪರು ಕವಿಯುತ್ತದೆ. ಸುಯ್ ಸುಯ್ ಸದ್ದು ನಿಂತು ಹೋದರೆ ಕಡಿಮೆಯಾಯಿತು ಅಂತ ತಿಳಿಯಬೇಡಿ. ಉಸಿರು ಇನ್ನೂ ಕಷ್ಟದಲ್ಲಿದ್ದು ಸದ್ದು ನಿಂತರೆ ಗಾಳಿಯೇ ಆಡುತ್ತಿಲ್ಲ ಅಂತ ಅರ್ಥ.

ಆಗ ಮಲಗಿಸಬೇಡಿ. ಕೂರಿಸಿ, ಸ್ವಲ್ಪ ಮುಂದೆ ಬಾಗಿಸಿ. ಸುತ್ತ ಮುತ್ತಿದ ಮಂದಿಯನ್ನು ಸರಿಸಿ. ಕುಪ್ಪಸ ಸಡಿಲ ಮಾಡಿ. ತುರ್ತಿನ ಪಂಪನ್ನು ಬಾಟಲಿಗೆ ಹಚ್ಚಿ ಒಂದೊಂದೇ ಸಲ, ಅರ್ಧ ನಿಮಿಷಕ್ಕೊಂದರಂತೆ, ಹತ್ತರ ತನಕ ಕೊಡಿ. ಕೊಡುತ್ತಿರುವಾಗಲೇ ಇನ್ನೊಬ್ಬರು 108ಕ್ಕೆ ಫೋನು ಮಾಡಲಿ. ಕಾಯುವುದು ಬೇಡ, ಬೆಳಗಾಗಲಿ ಅನ್ನುವುದು ಬೇಡ. ಗಂಡ ಊರಲ್ಲಿಲ್ಲ, ಯಾರನ್ನು ಕೇಳಲಿ ಅನ್ನುವುದೂ ಬೇಡ.

ನಮ್ಮ ಐದೂ ಮನೆಯಲ್ಲಿ ಈಗ ಪಂಪು ಇಡುವ ಜಾಗ ಒಂದೇ. ದೇವರ ಗೂಡಿನ ಪಕ್ಕ, ಎಲ್ಲರ ಕಣ್ಣಿಗೆ ಬೀಳುವ ಹಾಗೆ. ಒಬ್ಬಳ ಗಂಡ ಮೊದಲು ಸಿಟ್ಟಾದ. “ಬಂದ ಮಂದಿ ನೋಡ್ತಾರ, ತೆಗಿ” ಅಂದ. ಮೊನ್ನೆ ರಾತ್ರಿ ಕರೆಂಟು ಹೋದಾಗ ಕತ್ತಲಲ್ಲಿ ಕೈಯಾಡಿಸಿ ಪಂಪು ತಂದು ಕೊಟ್ಟವನು ಅವನೇ.

ನಮ್ಮ ಮಾತು ಇಷ್ಟು. ಈಗ ಅತ್ತೆಯವರು ತಮ್ಮ ಚೀಲ ತೆಗೆಯುತ್ತಾರೆ. ಅದರಲ್ಲಿ ಹನ್ನೆರಡು ಬಾಟಲಿ ಇವೆ. ತೂತು ಮಾಡಿ, ತೊಳೆದು, ಒಣಗಿಸಿ ತಂದಿದ್ದಾರೆ. ಪಂಪು ಇದ್ದವರು ತಗೊಂಡು ಮುಂದೆ ಬನ್ನಿ. ಬಾಟಲಿಗೆ ಹಚ್ಚುವುದನ್ನು ಅವರೇ ತೋರಿಸುತ್ತಾರೆ. ಜೋಳದ ಡಬ್ಬಿಯಲ್ಲಿ ಇಟ್ಟು ಬಂದವರು ಇದ್ದರೆ, ಮನೆಗೆ ಹೋಗಿ ತನ್ನಿ. ನಾವು ಇಲ್ಲೇ ಕೂತಿರುತ್ತೇವೆ.